ಡ್ರಮ್ಮಕ್ಕನ ಎಡಗೈ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಸರ್ಕಸ್ ಡೇರೆಯ ಹಿಂದೆ ಸಾಲಾಗಿ ನಿಂತ ಗಾಡಿಗಳಲ್ಲಿ ಒಂದರ ಬಾಗಿಲು ಮಾತ್ರ ತೆರೆದಿದೆ. ಒಳಗೆ ಮಂಚದ ಅಂಚಿನಲ್ಲಿ ಕೂತ ಹೆಂಗಸೊಬ್ಬರು ತಮ್ಮ ಎಡಗೈಯನ್ನು ಬಲಗೈಯಿಂದ ಬಿಡಿಸುತ್ತಿದ್ದಾರೆ. ಮೊದಲು ಹೆಬ್ಬೆರಳು, ಆಮೇಲೆ ತೋರುಬೆರಳು, ಹೀಗೆ ಒಂದೊಂದಾಗಿ. ಪುಟ್ಟ ಮಗು ಮುಷ್ಟಿಯಲ್ಲಿ ಏನನ್ನೋ ಬಚ್ಚಿಟ್ಟುಕೊಂಡಾಗ ತಾಯಿ ಬಿಡಿಸುತ್ತಾಳಲ್ಲ, ಹಾಗೆ. ಕಿರುಬೆರಳು ಹಟ ಮಾಡುತ್ತದೆ. ಅದನ್ನು ಬಿಸಿನೀರಿನ ಲೋಟಕ್ಕೆ ಒತ್ತಿ, ಸ್ವಲ್ಪ ಹೊತ್ತು ಕಾದು, ಮೆಲ್ಲಗೆ ನೆಟ್ಟಗೆ ಮಾಡುತ್ತಾರೆ.

"ರಾತ್ರಿ ಪೂರ್ತಿ ಮುಚ್ಕೊಂಡೇ ಇರುತ್ತೆ ಇದು," ಎನ್ನುತ್ತಾರೆ, ಪಕ್ಕದ ಮನೆಯವರ ಮೇಲೆ ದೂರು ಹೇಳುವ ಧಾಟಿಯಲ್ಲಿ. "ಬೆಳಗ್ಗೆ ಎದ್ದು ಇದನ್ನ ಸಮಾಧಾನ ಮಾಡದೆ ಯಾವ ಕೆಲಸಾನೂ ಆಗಲ್ಲ."

ಇಡೀ ಸರ್ಕಸ್ಸು ಅವರನ್ನು ಡ್ರಮ್ಮಕ್ಕ ಎಂದೇ ಕರೆಯುತ್ತದೆ. ವಯಸ್ಸು ಐವತ್ತು ದಾಟಿದೆ. ಭುಜ ನೋಡಿದರೆ ಮೂಟೆ ಹೊರುವವರ ಭುಜ, ಕತ್ತು ಗಟ್ಟಿ, ನಡಿಗೆ ಮಾತ್ರ ಮೆತ್ತಗೆ. ಕೈ ಬಿಚ್ಚಿಕೊಂಡ ಮೇಲೆ ತಲೆದಿಂಬನ್ನು ತೊಡೆಯ ಮೇಲೆ ಇಟ್ಟುಕೊಂಡು ಎರಡು ಡ್ರಮ್ ಕಡ್ಡಿ ಎತ್ತಿಕೊಳ್ಳುತ್ತಾರೆ. ಕಿಟಕಿಯಲ್ಲಿ ಕೀ ಕೊಡುವ ಹಳೇ ಅಲಾರಂ ಗಡಿಯಾರ. ಅದರ ಒಂದು ಟಿಕ್‌ಗೆ ಒಂದೇ ಏಟು. ಬಲ, ಎಡ, ಬಲ, ಎಡ. ಎಷ್ಟು ನಿಧಾನ ಎಂದರೆ ನೋಡುವವರಿಗೆ ಆಕಳಿಕೆ ಬರಬೇಕು. ನನಗೆ ಬಂತು ಕೂಡ, ಸುಳ್ಳೇಕೆ ಹೇಳಲಿ.

"ಕೈ ವೇಗ ಮಾಡ್ಕೊಳ್ಳೋ ಅಭ್ಯಾಸ ಅಂದ್ರಿ, ವೇಗ ಎಲ್ಲಿದೆ ಅಕ್ಕಾ?" ಎಂದು ಕೇಳುತ್ತೇನೆ.

"ವೇಗ ಕರೆದ್ರೆ ಬರಲ್ಲ. ನಾವು ನಿಧಾನವಾಗಿ ಸರಿಯಾಗಿ ಮಾಡ್ತಾ ಇದ್ರೆ, ಒಂದಿನ ತಾನಾಗೇ ಬಂದು ಪಕ್ಕದಲ್ಲಿ ಕೂತ್ಕೊಳ್ಳುತ್ತೆ. ಆತುರಗಾರನಿಗೆ ಬುದ್ಧಿ ಮಟ್ಟ ಅಂತಾರಲ್ಲ, ಅವನ ಡ್ರಮ್ಮೂ ಮಟ್ಟಾನೇ."

ದಿಂಬು ಏಟನ್ನು ನುಂಗಿಬಿಡುತ್ತದೆ, ಕಡ್ಡಿಯನ್ನು ವಾಪಸ್ ಚಿಮ್ಮಿಸುವುದಿಲ್ಲ. ಹಾಗಾಗಿ ಎತ್ತುವ ಕೆಲಸವೆಲ್ಲ ಮಣಿಕಟ್ಟಿನ ಪಾಲಿಗೆ. ಅಲ್ಲಿ ಬಲ ಬಂದ ಮೇಲೆ ದಿಂಬು ಬದಿಗೆ ಹೋಗಿ ಲಾರಿ ಟೈರಿನ ಒಂದು ತುಂಡು ತೊಡೆಗೆ ಬರುತ್ತದೆ. ಅದರ ಮೇಲೆ ಟಿಕ್‌ಗೆ ಎರಡು ಏಟು, ಆಮೇಲೆ ನಾಲ್ಕು, ಆಮೇಲೆ ಎಣಿಸಲಾಗದಷ್ಟು. ಎದುರಿಗೆ ಕನ್ನಡಿ, ಎಡಗೈಯ ಕಡ್ಡಿ ಬಲಗೈಯದರಷ್ಟೇ ಎತ್ತರಕ್ಕೆ ಏಳುತ್ತಿದೆಯೇ ಎಂದು ಅದರಲ್ಲಿ ಲೆಕ್ಕ ಇಡುತ್ತಾರೆ. ಎಡಗೈಯದೇ ಯಾವಾಗಲೂ ತಕರಾರು. ಅದಕ್ಕೇ ಹಲ್ಲುಜ್ಜುವುದು, ಗುಂಡಿ ಹಾಕಿಕೊಳ್ಳುವುದು, ಬೀಗ ತೆಗೆಯುವುದು ಎಲ್ಲವನ್ನೂ ಎಡಗೈಗೇ ಒಪ್ಪಿಸಿದ್ದಾರೆ. "ಸೋಮಾರಿ ಅಳಿಯನಿಗೆ ಕೆಲಸ ಹಚ್ಚಿದ ಹಾಗೆ," ಎಂದು ನಗುತ್ತಾರೆ.

ಇದೆಲ್ಲದರ ನಡುವೆ ಬಾಯಿ ನಿಲ್ಲುವುದಿಲ್ಲ. ಅಭ್ಯಾಸ ಮುಗಿಯಲಿ, ಆಮೇಲೆ ಮಾತಾಡೋಣ ಎಂದರೆ ಬೇಡ ಎನ್ನುತ್ತಾರೆ. "ಮಾತಾಡ್ತಾನೇ ಬಾರಿಸಬೇಕು. ಅದು ನಮ್ಮ ಮಾಸ್ತರ್ ಪಾಠ. ಬಾಯಿ ಮುಚ್ಚಿದ್ರೆ ಉಸಿರು ಕಟ್ಟುತ್ತೆ. ಉಸಿರು ಕಟ್ಟಿದ್ರೆ ಕೈ ಬಿಗಿಯುತ್ತೆ. ನೀವು ಕೇಳ್ತಾ ಇರಿ."

ನಾನು ಬಂದಿದ್ದು ನಿಜವಾಗಿ ಇವರನ್ನು ನೋಡಲಿಕ್ಕಲ್ಲ. ಡೇರೆಯ ನೆತ್ತಿಯಲ್ಲಿ ಜೋಕಾಲಿಯಿಂದ ಜೋಕಾಲಿಗೆ ಹಾರುವ ಹುಡುಗಿಯ ಬಗ್ಗೆ ಪತ್ರಿಕೆಗೆ ಬರೆಯಲು ಬಂದಿದ್ದೆ. ಕಾಲು ಉದ್ದ, ಕೂತಲ್ಲಿ ಕೂರುವುದಿಲ್ಲ. ಎಲ್ಲರೂ ಅವಳನ್ನು ಮಿಡತೆ ಎನ್ನುತ್ತಾರೆ. ಡ್ರಮ್ಮಕ್ಕನ ತಂಗಿಯ ಮಗಳು. ನನ್ನ ಮೊದಲ ಪ್ರಶ್ನೆಗೇ ಅವಳು ಕೈ ಅಲ್ಲಾಡಿಸಿಬಿಟ್ಟಳು. "ನನ್ನ ಫೋಟೋ ಗೋಡೆ ಗೋಡೇಲೂ ಇದೆ. ಶನಿವಾರ ನನ್ನ ಜೀವ ದೊಡ್ಡಮ್ಮನ ಕೈಯಲ್ಲಿರುತ್ತೆ. ಹೋಗಿ ಅವಳನ್ನ ಕೇಳಿ."

ಶನಿವಾರದ ವಿಷಯ ಇದು. ಬಹಳ ವರ್ಷಗಳಿಂದ ನಿಂತುಹೋಗಿದ್ದ ಒಂದು ಆಟವನ್ನು ಸರ್ಕಸ್ಸಿನ ಯಜಮಾನರು ಮತ್ತೆ ಶುರು ಮಾಡುತ್ತಿದ್ದಾರೆ. ಮಿಡತೆ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಹಾರಬೇಕು. ಎದುರಿನ ಜೋಕಾಲಿಯಲ್ಲಿ ತಲೆಕೆಳಗಾಗಿ ತೂಗುತ್ತಿರುವ ಆಳು ಅವಳ ಮಣಿಕಟ್ಟು ಹಿಡಿಯಬೇಕು. ಅವನು ಎಲ್ಲಿದ್ದಾನೆ ಎಂಬುದು ಅವಳಿಗೆ ಕಾಣುವುದಿಲ್ಲ. ಕೂಗಿ ಹೇಳೋಣವೆಂದರೆ ಅವನು ದೂರ ತೂಗಿಹೋದಾಗ ಜನರ ಗದ್ದಲದಲ್ಲಿ ಕೇಳಿಸುವುದಿಲ್ಲ. ಕೇಳಿಸುವುದು ಡ್ರಮ್ ಒಂದೇ. ಎರಡೂ ಕಡ್ಡಿ ಬಿಡುವಿಲ್ಲದೆ ಮೊರೆಯುತ್ತಿರುವ ತನಕ ಅವಳು ಜೋಕಾಲಿಯ ಕಂಬಿ ಬಿಡಬಾರದು. ಆ ಮೊರೆತಕ್ಕೆ ಅವರು ರೋಲ್ ಎನ್ನುತ್ತಾರೆ. ರೋಲ್ ನಿಂತು ಒಂದೇ ಒಂದು ದೊಡ್ಡ ಏಟು ಬಿದ್ದರೆ ಬಿಡಬೇಕು. ಆ ಏಟು ಯಾವಾಗ ಎಂದು ಕೆಳಗೆ ಕೂತು ನೋಡಿ ತೀರ್ಮಾನಿಸುವವರು ಡ್ರಮ್ಮಕ್ಕ. ನಡುವೆ ರೋಲ್ ತುಂಡಾದರೆ ಹುಡುಗಿ ಅದನ್ನೇ ಸೂಚನೆ ಎಂದುಕೊಂಡು ಬಿಟ್ಟುಬಿಡಬಹುದು.

ಕೇಳಿ ನನ್ನ ಆಕಳಿಕೆ ನಿಂತುಹೋಯಿತು.

ಡ್ರಮ್ಮಕ್ಕ ಹುಟ್ಟಿನಿಂದ ಡ್ರಮ್ಮಕ್ಕ ಅಲ್ಲ. ಅವರ ಕೆಲಸ ಮೇಲಿತ್ತು. ಮೊಣಕಾಲನ್ನು ಜೋಕಾಲಿಗೆ ಸಿಕ್ಕಿಸಿ ತಲೆಕೆಳಗಾಗಿ ತೂಗುತ್ತಾ, ಹಾರಿ ಬರುವವರನ್ನು ಹಿಡಿಯುವುದು. ಹೆಂಗಸರು ಆ ಕೆಲಸಕ್ಕೆ ನಿಲ್ಲುವುದು ಅಪರೂಪ. ಇವರ ತೋಳು ನೋಡಿ ಅಂದಿನ ಯಜಮಾನರು ನಿಲ್ಲಿಸಿದರು. ಹಾರಿ ಬರುತ್ತಿದ್ದವಳು ತಂಗಿ. ಅಕ್ಕ ಹಿಡಿಯುತ್ತಾಳೆ, ತಂಗಿ ಹಾರುತ್ತಾಳೆ. ಜನ ಅದನ್ನು ನೋಡಲೆಂದೇ ಬರುತ್ತಿದ್ದರು.

"ಚಿಕ್ಕಂದಿನಿಂದಲೂ ಹಾಗೇ ನಮ್ಮದು. ಅವಳು ಎಲ್ಲಿಂದಾದ್ರೂ ಹಾರೋಳು, ಮೇಜು, ಗಾಡಿ, ಗೋಡೆ, ಹಿಡಿಯೋಕೆ ಅಕ್ಕ ಇದ್ದಾಳೋ ಇಲ್ವೋ ಅಂತ ನೋಡ್ತಾನೇ ಇರಲಿಲ್ಲ." ಅವರ ಕಡ್ಡಿಗಳು ಟಿಕ್‌ಗೆ ಸರಿಯಾಗಿ ಬೀಳುತ್ತಲೇ ಇವೆ. "ಆವತ್ತೂ ನೋಡಲಿಲ್ಲ. ಕಣ್ಣಿಗೆ ಬಟ್ಟೆ ಕಟ್ಟಿದ್ದೆ ನಾನೇ."

ಅವತ್ತು ಡ್ರಮ್ ಸರಿಯಿತ್ತು. ತಂಗಿ ಸರಿಯಾದ ಗಳಿಗೆಗೇ ಬಿಟ್ಟಳು. ಹಿಡಿಯುವವರಿಗೆ ಕಲಿಸುವ ಮೊದಲ ಪಾಠ, ಬೆರಳು ಹಿಡಿಯಬೇಡ, ಮಣಿಕಟ್ಟು ಬರುವ ತನಕ ಕಾಯಿ. ಬೆರಳು ಜಾರುತ್ತದೆ, ಮಣಿಕಟ್ಟು ಜಾರುವುದಿಲ್ಲ. ಆ ಪಾಠ ಅವರೇ ಎಷ್ಟೋ ಜನಕ್ಕೆ ಹೇಳಿಕೊಟ್ಟಿದ್ದರು. ಅವತ್ತು ಏನೋ ಭಯ ಬಂತು. ಹೆತ್ತು ಎದ್ದ ಮೇಲೆ ತಂಗಿ ಅದೇ ಮೊದಲ ಸಲ ಹಾರುತ್ತಿದ್ದಳು. ಮಣಿಕಟ್ಟು ಬರುವ ಮೊದಲೇ ಎಡಗೈ ಮುಚ್ಚಿಕೊಂಡಿತು. ಸಿಕ್ಕಿದ್ದು ಬೆರಳು. ಬಲಗೈಗೆ ಏನೂ ಸಿಗಲಿಲ್ಲ. ಕೆಳಗೆ ಬಲೆ ಇತ್ತು. ಅವಳು ಬಿದ್ದಿದ್ದು ಬಲೆಯ ಅಂಚಿಗೆ, ಅಲ್ಲಿಂದ ನೆಲಕ್ಕೆ. ಮತ್ತೆ ಏಳಲಿಲ್ಲ, ಆ ಆಟವೂ ಅಂದೇ ನಿಂತಿತು.

"ಕಾದಿದ್ರೆ ಸಿಗ್ತಿದ್ಲು," ಎನ್ನುತ್ತಾರೆ. "ಕಾಯಲಿಲ್ಲ ನಾನು. ಪ್ರೀತಿ ಜಾಸ್ತಿಯಾಗಿ ಬೇಗ ಹಿಡಿದೆ. ಅಷ್ಟೇ ಆಗಿದ್ದು."

ಮಗುವಿನ ಅಪ್ಪ ಬೇರೆ ಕಂಪನಿ ಸೇರಿ ಹೋದವನು ತಿರುಗಿ ನೋಡಲಿಲ್ಲ. ತೊಟ್ಟಿಲ ಕೂಸನ್ನು ಎತ್ತಿಕೊಂಡವರು ದೊಡ್ಡಮ್ಮ. ಅವರು ಮತ್ತೆ ಮೇಲೆ ಹತ್ತಲಿಲ್ಲ. ಬಟ್ಟೆ ಹೊಲಿದರು, ಟಿಕೆಟ್ ಹರಿದರು, ಅಡುಗೆ ಮಾಡಿದರು. ಜೋಕಾಲಿಯ ಆಟ ಬಂದಾಗ ಎದ್ದು ಡೇರೆಯ ಹಿಂದಕ್ಕೆ ಹೋಗಿ ನಿಲ್ಲುತ್ತಿದ್ದರು. ಮಗು ಮಾತ್ರ ಅಮ್ಮನ ಗುಣವನ್ನೇ ಹೊತ್ತು ತಂದಿತ್ತು. ಬೈದು, ಕೂಡಿಹಾಕಿ, ಅತ್ತು ನೋಡಿದರು. ಹುಡುಗಿ ಮೇಲೆ ಹತ್ತಿಯೇ ಬಿಟ್ಟಳು. ನೂಲಿನಂತೆ ಸೀರೆ, ತಾಯಿಯಂತೆ ಮಗಳು, ಏನು ಮಾಡುವುದು?

ಡೇರೆಯ ಡ್ರಮ್ ಮಾಸ್ತರ್ ಆಗ ಮುದುಕರು. ಕಣ್ಣಿಗೆ ಪೊರೆ ಬಂದು ಮೇಲಿನದೇನೂ ಕಾಣುತ್ತಿರಲಿಲ್ಲ, ಆದರೆ ಕೈ ಇನ್ನೂ ಇಪ್ಪತ್ತರ ಹುಡುಗನದು. ಅವರು ಒಂದು ದಿನ ಡೇರೆಯ ಹಿಂದೆ ನಿಂತಿದ್ದ ಇವರನ್ನು ಕರೆದರಂತೆ. "ನೋಡಮ್ಮ, ನನಗೆ ಕಣ್ಣಿಲ್ಲ, ನಿನಗೆ ಕೈ ಬರಲ್ಲ. ಇಬ್ಬರೂ ಸೇರಿ ಒಬ್ಬ ಡ್ರಮ್ಮರ್ ಆಗೋಣ. ಇಲ್ಲಿ ಹಿಂದೆ ನಿಂತ್ಕೊಂಡು ಕಣ್ಣು ಮುಚ್ಕೊಂಡ್ರೆ ಹುಡುಗಿಗೆ ಏನು ಬಂತು? ಮುಂದೆ ಬಂದು ನೋಡು. ಹೊತ್ತಾದಾಗ ನನ್ನ ಬೆನ್ನಿಗೆ ತಟ್ಟು."

ಒಂದಷ್ಟು ಕಾಲ ಹಾಗೇ ನಡೆಯಿತು. ಇವರು ಮೇಲೆ ನೋಡಿ ಬೆನ್ನು ತಟ್ಟುವುದು, ಅವರು ಬಾರಿಸುವುದು. ಮೇಲೆ ತೂಗಿದವರಿಗೇ ಗೊತ್ತು ಯಾವ ಗಳಿಗೆ ಎಂದು. ಬೆನ್ನು ತಟ್ಟುವುದರಲ್ಲಿ ಇವರು ಒಮ್ಮೆಯೂ ತಪ್ಪಲಿಲ್ಲ. ಆಮೇಲೆ ಮಾಸ್ತರ್ ಕಡ್ಡಿಯನ್ನೇ ಕೈಗೆ ಕೊಟ್ಟರು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ಅಡುಗೆಯವನು ನಕ್ಕನಂತೆ. ಅಂದಿನಿಂದ ಅವನು ಮಾಡಿದ ಸಾರಿನಲ್ಲಿ ಡ್ರಮ್ಮಕ್ಕ ತಪ್ಪು ಹುಡುಕುತ್ತಲೇ ಇದ್ದಾರೆ, ಇವತ್ತಿಗೂ ಹೊಗಳಿಲ್ಲ.

ಕಲಿಕೆ ಸುಲಭವಿರಲಿಲ್ಲ. ಕಾರಣ ಆ ಕೈಗಳೇ. ಜೋಕಾಲಿಯಲ್ಲಿ ಕೈಗೆ ಒಂದೇ ಬುದ್ಧಿ, ಹಿಡಿ, ಬಿಡಬೇಡ. ಡ್ರಮ್ಮಿನಲ್ಲಿ ಅದೇ ದೊಡ್ಡ ತಪ್ಪು. ರೋಲ್‌ನಲ್ಲಿ ಪ್ರತಿ ಕೈಗೂ ಎರಡೆರಡು ಏಟು. ಮೊದಲನೆಯದನ್ನು ನಾವು ಹೊಡೆಯುತ್ತೇವೆ. ಎರಡನೆಯದನ್ನು ಕಡ್ಡಿ ತಾನೇ ಚಿಮ್ಮಿ ಹೊಡೆಯುತ್ತದೆ, ಬೆರಳು ಅದನ್ನು ಸ್ವಲ್ಪ ತಟ್ಟಿ ಕಳಿಸಿದರೆ ಸಾಕು. ಬಿಗಿಹಿಡಿದರೆ ಎರಡನೇ ಏಟು ಸತ್ತಿತು, ರೋಲ್‌ನಲ್ಲಿ ತೂತು ಬಿತ್ತು.

"ಬಿಸಿ ಲೋಟ ಹಿಡಿದ ಹಾಗೆ ಹಿಡಿ ಅನ್ನೋರು ಮಾಸ್ತರ್," ಎಂದು ಡ್ರಮ್ಮಕ್ಕ ಹೆಬ್ಬೆರಳು ತೋರುಬೆರಳಿನ ನಡುವೆ ಕಡ್ಡಿ ನಿಲ್ಲಿಸಿ ತೋರಿಸುತ್ತಾರೆ. "ಗಟ್ಟಿ ಹಿಡಿದ್ರೆ ಸುಡುತ್ತೆ, ಬಿಟ್ರೆ ಚೆಲ್ಲುತ್ತೆ. ನಾನು ಗಟ್ಟಿ ಹಿಡೀತಿದ್ದೆ. ಡ್ರಮ್ಮೇ ಸರಿಯಿಲ್ಲ ಅಂತ ಜಗಳ ಮಾಡ್ತಿದ್ದೆ. ಕುಣಿಯೋಕೆ ಬರದೋಳಿಗೆ ನೆಲ ಡೊಂಕು."

ಕಡ್ಡಿಗಳನ್ನು ನನ್ನ ಕೈಗೂ ಕೊಟ್ಟರು. ಟೈರಿನ ಮೇಲೆ ನಾನು ತೋರಿಸಿದ ಪ್ರತಾಪದ ಬಗ್ಗೆ ಬರೆಯದಿರುವುದೇ ಒಳ್ಳೆಯದು. "ಪೆನ್ನು ಹಿಡಿದೂ ಹಿಡಿದೂ ಹಿಂಗಾಗಿದೆ," ಎಂದು ಅವರು ಕಡ್ಡಿ ವಾಪಸ್ ತೆಗೆದುಕೊಂಡರು.

ಮಾಸ್ತರ್ ತೀರಿಕೊಂಡು ವರ್ಷವಾಯಿತು. ಕೊನೆಯ ತನಕ ಮಲಗಿದಲ್ಲಿಂದಲೇ ಇವರ ಕೈಯ ಸದ್ದು ಕೇಳಿ ತಿದ್ದುತ್ತಿದ್ದರು. ರೋಲ್ ಈಗ ಚೆನ್ನಾಗಿದೆ. ಆನೆಗಾತ್ರದ ಭಾರ ಎತ್ತುವವನಿಗೆ, ತಂತಿ ಮೇಲೆ ನಡೆಯುವವಳಿಗೆ, ಬೆಂಕಿ ಉಂಗುರದೊಳಗೆ ನೆಗೆಯುವವನಿಗೆ ಇವರು ಬಾರಿಸುವ ರೋಲ್‌ನಲ್ಲಿ ಒಂದು ತೂತೂ ಇರುವುದಿಲ್ಲ. ಮಿಡತೆ ಕಂಬಿ ಬಿಡುವ ಗಳಿಗೆ ಹತ್ತಿರ ಬಂದಾಗ ಮಾತ್ರ ಮಾತು ನಿಲ್ಲುತ್ತದೆ, ಉಸಿರು ನಿಲ್ಲುತ್ತದೆ, ಎಡಗೈ ಮುಚ್ಚಿಕೊಳ್ಳುತ್ತದೆ. ಬಹಳ ಬೇಗ ಮುಚ್ಚಿಕೊಳ್ಳುತ್ತದೆ. ಅಂದು ಮೇಲೆ ಆದದ್ದೇ ಇಂದು ಕೆಳಗೆ ಆಗುತ್ತಿದೆ.

ಗುರುವಾರದ ತಾಲೀಮಿನಲ್ಲಿ ಅದನ್ನು ನಾನೇ ನೋಡಿದೆ. ಖಾಲಿ ಡೇರೆ. ಮಿಡತೆಯ ಕಣ್ಣಿಗೆ ಕಪ್ಪು ಬಟ್ಟೆ. ಹಿಡಿಯುವವನು ಎದುರು ತೂಗತೊಡಗಿದ. ಡ್ರಮ್ಮಕ್ಕ ಮೊದಲಿಗೆ ಏನೋ ಗೊಣಗುತ್ತಾ ಬಾರಿಸುತ್ತಿದ್ದವರು ಸುಮ್ಮನಾದರು. ರೋಲ್ ತಡವರಿಸಿತು, ಬಿಗಿದ ಎಡಗೈಯಿಂದ ಒಂದು ಏಟು ಜೋರಾಗಿ ಬಿತ್ತು. ಹುಡುಗಿ ಬಿಟ್ಟಳು. ಎದುರಿನವನು ಇನ್ನೂ ಆಚೆ ತುದಿಯಲ್ಲಿದ್ದ. ಅವಳು ನೇರ ಬಲೆಯ ನಡುವಿಗೆ ಬಿದ್ದು, ಎರಡು ಸಲ ಪುಟಿದು, ಬಟ್ಟೆ ಕಿತ್ತು ನಗುತ್ತಾ ಎದ್ದಳು. ನಗದೆ ಇದ್ದವರು ಡ್ರಮ್ಮಕ್ಕ ಒಬ್ಬರೇ. ಕಡ್ಡಿ ಅವರ ಎಡಗೈಯಿಂದ ಬರಲಿಲ್ಲ. ಹಿಡಿಯುವವನೇ ಇಳಿದು ಬಂದು ಬೆರಳು ಬಿಡಿಸಬೇಕಾಯಿತು.

ಯಜಮಾನರು ಕೆಟ್ಟವರಲ್ಲ. ಪಕ್ಕದಲ್ಲಿ ಕೂತು ಮೆತ್ತಗೇ ಹೇಳಿದರು. "ಅಕ್ಕಾ, ಇನ್ನು ನಿಮಗ್ಯಾಕೆ ಈ ಸಂಕಟ. ರೋಲ್ ರೆಕಾರ್ಡ್ ಮಾಡಿಟ್ಟಿದ್ದೀನಿ. ಗುಂಡಿ ಒತ್ತಿದ್ರೆ ಆಯ್ತು."

"ಅದಕ್ಕೆ ಕಣ್ಣಿದ್ಯಾ ಸ್ವಾಮಿ?" ಎಂದರು ಡ್ರಮ್ಮಕ್ಕ. "ಅವನು ಅರ್ಧ ಗಳಿಗೆ ತಡವಾಗಿ ತೂಗಿ ಬಂದ್ರೆ ನಿಮ್ಮ ಗುಂಡಿ ಕಾಯುತ್ತಾ?"

ಶನಿವಾರದ ತನಕ ನೋಡೋಣ ಎಂದು ಯಜಮಾನರು ಎದ್ದರು.

ಅಂದು ಸಂಜೆ ಗಾಡಿಯ ಮೆಟ್ಟಿಲ ಮೇಲೆ ಡ್ರಮ್ಮಕ್ಕ ಹೇಳಿದ ಮಾತು ನನ್ನನ್ನು ಇನ್ನೂ ಬಿಟ್ಟಿಲ್ಲ. "ನನಗೆ ಬರಲ್ಲ ಅಂತ ಕೂತುಬಿಡೋಣ ಅನ್ಸುತ್ತೆ. ನಾನಿಲ್ಲ ಅಂದ್ರೆ ಆಟಾನೇ ಇಲ್ಲ ಅಂತಾಗಿದ್ರೆ, ಇವತ್ತೇ ಕಡ್ಡಿ ಒಲೆಗೆ ಹಾಕ್ತಿದ್ದೆ. ಹಾಗಾಗಲ್ಲ. ಅವಳು ಗುಂಡಿ ನಂಬಿ ಹಾರ್ತಾಳೆ. ಅದಕ್ಕೇ ಕಲೀಬೇಕು ನಾನು. ಬೇರೆ ದಾರಿ ಇಲ್ಲ."

ಒಳಗಿನಿಂದ ಮಿಡತೆ ಬಂದು ಅವರ ಬೆನ್ನಿಗೆ ಒರಗಿದಳು. "ದೊಡ್ಡಮ್ಮ, ನೀನು ಮಾತು ನಿಲ್ಲಿಸ್ತೀಯ, ಅದೇ ತೊಂದರೆ. ಕೊನೇವರೆಗೂ ಮಾತಾಡು."

"ಏನಂತ ಮಾತಾಡಲೇ? ನಿನ್ನನ್ನ ನೋಡಿದ್ರೆ ಬಾಯಿ ಒಣಗುತ್ತೆ."

"ನನ್ನನ್ನ ಬೈ. ಬೇರೆ ದಿನ ಅದಕ್ಕೇನೂ ಕಮ್ಮಿ ಇಲ್ಲ."

ಡ್ರಮ್ಮಕ್ಕ ಒಳಗೆ ಹೋಗಿ ಗಡಿಯಾರಕ್ಕೆ ಕೀ ಕೊಟ್ಟು ದಿಂಬಿನ ಮುಂದೆ ಕೂತರು. ಟಿಕ್‌ಗೆ ಒಂದು ಏಟು. ಮೊದಲಿನಿಂದ, ಏನೂ ಬಾರದವರ ಹಾಗೆ.

ಶನಿವಾರ ಡೇರೆ ತುಂಬಿದೆ. ನನಗೆ ಡ್ರಮ್ಮಿನ ಪಕ್ಕದ ಪೆಟ್ಟಿಗೆಯ ಮೇಲೆ ಜಾಗ ಸಿಕ್ಕಿದೆ. ಯಜಮಾನರು ತುಸು ದೂರದಲ್ಲಿ ಗುಂಡಿಯ ಯಂತ್ರದ ಬಳಿ ನಿಂತಿದ್ದಾರೆ. ಮೇಲೆ ಅಟ್ಟಣಿಗೆಯಲ್ಲಿ ಮಿಡತೆಯ ಕಣ್ಣಿಗೆ ಬಟ್ಟೆ ಕಟ್ಟುತ್ತಾರೆ. ರೋಲ್ ಶುರುವಾಗುತ್ತದೆ, ಸಣ್ಣಗೆ, ತೂತಿಲ್ಲದೆ. ಮಿಡತೆ ಕಂಬಿ ಹಿಡಿದು ತೂಗಲು ಇಳಿಯುತ್ತಾಳೆ. ಡ್ರಮ್ಮಕ್ಕನ ತುಟಿ ಒಂದು ಕ್ಷಣ ಮುಚ್ಚುತ್ತದೆ. ಆಗ ಅವರು ಮಾತಾಡತೊಡಗುತ್ತಾರೆ. ನನ್ನ ಹತ್ತಿರ ಅಲ್ಲ, ಹುಡುಗಿಯ ಹತ್ತಿರವೂ ಅಲ್ಲ.

"ಕೇಳ್ತಿದ್ದೀಯೇನೇ, ನಿನ್ನ ಮಗಳು ಬೆಳಗ್ಗೆ ಹಾಲು ಕುಡೀಲಿಲ್ಲ. ಕೆನೆ ಕಟ್ಟಿತ್ತಂತೆ. ನಿನ್ನದೇ ಬುದ್ಧಿ. ತಲೆ ಬಾಚ್ಕೋ ಅಂದ್ರೆ ಬಾಚಲ್ಲ. ನಿನ್ನ ಹಸಿರು ಅಂಗಿ ಇಟ್ಟಿದ್ನಲ್ಲ, ಅವಳಿಗೆ ತೋಳು ಗಿಡ್ಡ ಆಯ್ತು, ಬಿಚ್ಚಿ ಉದ್ದ ಮಾಡಿದೆ. ಕಾಲು ನಿನಗಿಂತ ಉದ್ದ ಕಣೇ. ತಡಿ, ಇನ್ನೂ ತಡಿ, ಅವನು ಬರ್ತಾ ಇದ್ದಾನೆ. ಮೊನ್ನೆ ಕೇಳ್ತಿದ್ಲು, ಅಮ್ಮ ಯಾವ ಕಡೆ ತಿರುಗಿ ಮಲಗ್ತಿದ್ಲು ಅಂತ. ನನ್ನ ಕಡೆಗೆ ಅಂದೆ. ತಡಿ, ಬಂದ, ಬಂದ..."

ಒಂದೇ ಏಟು.

ಹುಡುಗಿ ಕಂಬಿ ಬಿಟ್ಟು ಬರುತ್ತಾಳೆ. ಎದುರಿನ ಕೈಗಳು ಕಾಯುತ್ತವೆ, ಮಣಿಕಟ್ಟು ಬರುವ ತನಕ ಕಾಯುತ್ತವೆ, ಆಮೇಲೆ ಮುಚ್ಚಿಕೊಳ್ಳುತ್ತವೆ. ಡೇರೆ ಎದ್ದು ನಿಲ್ಲುತ್ತದೆ. ಚಪ್ಪಾಳೆ ಎಲ್ಲ ಮೇಲಕ್ಕೆ ಹೋಗುತ್ತದೆ. ಕೆಳಗೆ ಡ್ರಮ್ಮಿನ ಕಡೆ ಯಾರೂ ನೋಡುವುದಿಲ್ಲ. ಯಜಮಾನರು ಮಾತ್ರ ಯಂತ್ರದ ಮೇಲೆ ಬಟ್ಟೆ ಹೊದಿಸುತ್ತಾರೆ. ಡ್ರಮ್ಮಕ್ಕನ ಎರಡೂ ಕೈ ಬಿಚ್ಚಿಕೊಂಡು ಡ್ರಮ್ಮಿನ ಚರ್ಮದ ಮೇಲೆ ಬಿದ್ದಿವೆ, ಕಡ್ಡಿಗಳು ಕಾಲ ಬಳಿ ಉರುಳಿವೆ. ಅವರು ಸದ್ದಿಲ್ಲದೆ ಅಳುತ್ತಿದ್ದಾರೆ. ನಾನೂ ಕಣ್ಣೊರೆಸಿಕೊಂಡೆ, ಅದರಲ್ಲಿ ನಾಚಿಕೆ ಏನಿಲ್ಲ.

ಮರುದಿನ ಬೆಳಗ್ಗೆ ಹೇಳಿಹೋಗಲು ಗಾಡಿಯ ಬಳಿ ಹೋಗುತ್ತೇನೆ. ಎಲ್ಲ ಸರಿಹೋಗಿರುತ್ತದೆ, ಕೈ ತಾನಾಗಿ ಬಿಚ್ಚಿಕೊಂಡಿರುತ್ತದೆ ಎಂದು ನನ್ನ ಲೆಕ್ಕ. ಬರೆಯುವವರಿಗೆ ಇಂಥ ಆಸೆಗಳಿರುತ್ತವೆ. ಡ್ರಮ್ಮಕ್ಕ ಅದೇ ಮಂಚದ ಅಂಚಿನಲ್ಲಿ ಕೂತಿದ್ದಾರೆ, ಎಡಗೈ ಮುಷ್ಟಿಯಾಗಿಯೇ ಇದೆ. ಇವತ್ತು ಬಿಡಿಸುತ್ತಿರುವವಳು ಮಿಡತೆ, ನೆಲದಲ್ಲಿ ಕೂತು, ಒಂದೊಂದೇ ಬೆರಳು.

ಏನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ. ನಾವು ಎಲ್ಲರನ್ನೂ ಕೊನೆಗೆ ಕೇಳುವ ಪ್ರಶ್ನೆ ಅದು.

"ಇನ್ನೂ ಸ್ವಲ್ಪ ವೇಗ ಬೇಕು ಎಡಗೈಗೆ," ಎನ್ನುತ್ತಾರೆ. "ಮತ್ತೆ, ಒಂದಿನ ಬೆಳಗ್ಗೆ ಎದ್ದಾಗ ಇದು ತಾನಾಗೇ ಬಿಚ್ಕೊಂಡಿರಬೇಕು ಅಂತ ಇದೆ." ಮಿಡತೆ ಉಂಗುರದ ಬೆರಳು ಬಿಡಿಸಿ ಕಿರುಬೆರಳಿಗೆ ಬರುತ್ತಾಳೆ. ಡ್ರಮ್ಮಕ್ಕ ಮೆಲ್ಲಗೆ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾರೆ.

"ಅದೊಂದು ಇರಲಿ ಬಿಡು, ಅದನ್ನ ನಾನೇ ಆಮೇಲೆ ಬಿಡಿಸ್ತೀನಿ," ಎಂದು ಅವಳಿಗೆ ಹೇಳಿ, ನನ್ನ ಕಡೆ ತಿರುಗುತ್ತಾರೆ. "ಆಸೆ ಏನೋ ಇದೆ. ಭಯಾನೂ ಇದೆ. ಪೂರ್ತಿ ಬಿಚ್ಕೊಂಡ್ರೆ ನನ್ನ ತಂಗಿ ಬಿದ್ದುಹೋಗ್ತಾಳಲ್ವಾ?"